ಕರಂಡೆ ಬೇಲಿ ಬುಡದಿಂದ ತುಂಬಲಿ

ಜಯನಗರ, ಜೆ.ಪಿ. ನಗರ, ಬನಶಂಕರಿ ದಾಟಿ ಕನಕಪುರ ರಸ್ತೆ ಹಿಡಿದು ದಕ್ಷಿಣಕ್ಕೆ ಬಂದರೆ ಇನ್ನೂ ಅಲ್ಲಲ್ಲಿ ಹೊಲ ಉಳಿದಿದೆ. 2021ರ ಜನವರಿಯಿಂದ ಮೆಟ್ರೊ ರೇಷ್ಮೆ ಸಂಸ್ಥೆಯ ತನಕ ಓಡುತ್ತಿದೆ. ಅದರ ಆಚೀಚೆ ಬಡಾವಣೆಗಳು. ಬಡಾವಣೆಗಳ ಸಂದಿಯಲ್ಲಿ ಒಂದು ಎಕರೆ ರಾಗಿ, ಅರ್ಧ ಎಕರೆ ಸೊಪ್ಪು, ಹತ್ತು ಗುಂಟೆ ಹೂವು. ನನ್ನ ಒಂದೂವರೆ ಎಕರೆಯೂ ಈ ಲೆಕ್ಕಕ್ಕೇ ಸೇರಿದ್ದು.

ಇಂಥ ಜಮೀನಿಗೆ ಬೇಲಿ ಇಲ್ಲದಿದ್ದರೆ ಏನಾಗುತ್ತೆ ಅಂತ ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬೀಡಾಡಿ ದನ, ಮೇಕೆ, ನಾಯಿ ಹಿಂಡು ಒಂದು ಕಡೆ. ಹತ್ತಿರದ ದಾರಿ ಅಂತ ಬೆಳೆಯ ನಡುವೆಯೇ ಕಾಲುಹಾದಿ ಮಾಡಿಕೊಳ್ಳುವವರು ಇನ್ನೊಂದು ಕಡೆ. ಎಲ್ಲಕ್ಕಿಂತ ಕಷ್ಟದ್ದು, ರಾತ್ರಿ ಹೊತ್ತು ಟ್ರ್ಯಾಕ್ಟರಿನಲ್ಲಿ ಬಂದು ಒಡೆದ ಮನೆಯ ಇಟ್ಟಿಗೆ ಚೂರು, ಸಿಮೆಂಟ್ ಗಟ್ಟಿ ಸುರಿದು ಹೋಗುವವರು. ದನ ತಿಂದ ಬೆಳೆ ಇನ್ನೊಂದು ಮಳೆಗೆ ಚಿಗುರೀತು. ಕಟ್ಟಡದ ಕಸ ಬಿದ್ದ ನೆಲವನ್ನು ಮತ್ತೆ ಹೊಲ ಮಾಡುವುದು ಸಣ್ಣ ರೈತನ ಕೈಲಾಗುವ ಮಾತಲ್ಲ.

ಕಲ್ಲುಕಂಬ, ಮುಳ್ಳುತಂತಿ ಹಾಕಿಸೋಣ ಅಂದರೆ ಲೆಕ್ಕ ಹೀಗೆ. ಒಂದು ಎಕರೆ ಚಚ್ಚೌಕವಾಗಿದ್ದರೆ ಸುತ್ತಳತೆ ಸುಮಾರು 835 ಅಡಿ. ಎಂಟಡಿಗೊಂದು ಕಂಬ ಅಂದರೆ 104 ಕಂಬ ಬೇಕು. ಅದರ ಮೇಲೆ ನಾಲ್ಕೈದು ಸುತ್ತು ತಂತಿ, ಗುಂಡಿ ತೋಡುವ ಕೂಲಿ, ಸಾಗಾಣಿಕೆ. ಜಮೀನು ಸಣ್ಣದಾದಷ್ಟೂ ಬೇಲಿಯ ಭಾರ ಹೆಚ್ಚು ಅನ್ನುವುದನ್ನೂ ಗಮನಿಸಿ. ಅರ್ಧ ಎಕರೆಯ ಸುತ್ತಳತೆ ಒಂದು ಎಕರೆಯದ್ದರ ಅರ್ಧವಲ್ಲ, 590 ಅಡಿ. ಉದ್ದನೆಯ ಪಟ್ಟಿಯಾಗಿದ್ದರೆ ಇನ್ನೂ ಜಾಸ್ತಿ. ನೂರಡಿ ಅಗಲದ ಒಂದು ಎಕರೆಗೆ 1070 ಅಡಿ ದಾಟುತ್ತದೆ. ನಿಮ್ಮೂರಿನ ಈಗಿನ ಕಂಬದ ರೇಟು ಹಾಕಿ ಗುಣಿಸಿ ನೋಡಿ.

ಹಾಗಾಗಿ ಜೀವಂತ ಬೇಲಿಯ ವಿಷಯ ಮತ್ತೆ ಮಾತಿಗೆ ಬರಬೇಕಾಗಿದೆ. ಅದರಲ್ಲೂ ಕರಂಡೆ ಬೇಲಿಯದ್ದು.

ಯಾಕೆ ಕರಂಡೆಯೇ?

ಬೇಲಿಗೆ ಗಿಡಗಳೇನು ಕಮ್ಮಿಯಿಲ್ಲ. ಜಯನಗರದ ಹಳೇ ಮನೆಗಳ ಕಾಂಪೌಂಡಿನಲ್ಲಿ ಡುರಾಂಟ, ಗೋರಂಟಿ ಕಾಣುತ್ತವೆ. ಡುರಾಂಟ ಬೇಗ ಬರುತ್ತೆ, ನೋಡೋಕೆ ಚೆಂದ. ಆದರೆ ಅದರ ಹಳದಿ ಕಾಯಿ ವಿಷ. ಮಕ್ಕಳು ಓಡಾಡುವಲ್ಲಿ ನನಗೆ ಒಪ್ಪಿಗೆಯಿಲ್ಲ. ಬೊಂತೆಗಳ್ಳಿ ನೀರು ಕೇಳುವುದಿಲ್ಲ, ಆದರೆ ಅದರ ಹಾಲು ಕಣ್ಣಿಗೆ ಸಿಡಿದರೆ ಆಸ್ಪತ್ರೆಯೇ ಗತಿ. ಲಂಟಾನವನ್ನಂತೂ ಯಾರೂ ನೆಡಬೇಡಿ. ಅದು ಈ ದೇಶಕ್ಕೆ ಬಂದದ್ದು ತೋಟದ ಅಲಂಕಾರಕ್ಕೆ, ಬೇಲಿಗೆ ಅಂತ. ಈಗ ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಕಾಡುಗಳಲ್ಲಿ ಹುಲ್ಲು ಹುಟ್ಟೋಕೂ ಜಾಗ ಬಿಡದೆ ಹಬ್ಬಿ ಕೂತಿದೆ.

ಕರಂಡೆ ನಮ್ಮದೇ ಗಿಡ. ಕರಾವಳಿಯಲ್ಲಿ ಕರಂಡೆ, ಮಲೆನಾಡಲ್ಲಿ ಕವಳಿ, ಬೇರೆ ಕಡೆ ಬೇರೆ ಹೆಸರು. ಇದರ ಕಾಡು ನೆಂಟ ಬನ್ನೇರುಘಟ್ಟದ ಕಡೆಯ ಕುರುಚಲು ಕಾಡಿನಲ್ಲಿ ತಾನಾಗೇ ಇದೆ. ಅಂದರೆ ನಮ್ಮ ಕೆಂಪು ನೆಲ, ನಮ್ಮ ಬೇಸಿಗೆ ಇದಕ್ಕೆ ಹೊಸತಲ್ಲ. ವರ್ಷವಿಡೀ ಹಸಿರು, ದಪ್ಪ ಹೊಳೆಯುವ ಎಲೆ, ಗಂಟುಗಂಟಿಗೂ ಜೋಡಿ ಮುಳ್ಳು. ಮುಳ್ಳು ಅಂದರೆ ಸುಮ್ಮನೆ ಮುಳ್ಳಲ್ಲ, ಚಪ್ಪಲಿ ತೂರಿ ಬರುವಂಥದ್ದು. ಒಮ್ಮೆ ಬೇರು ಹಿಡಿದರೆ ನೀರಿನ ಹಂಗಿಲ್ಲ. ರೋಗ ಕಡಿಮೆ. ಇದಕ್ಕೆ ಆಗದ್ದು ಒಂದೇ, ಬುಡದಲ್ಲಿ ನೀರು ನಿಲ್ಲುವುದು.

ಇಂಗ್ಲೆಂಡಿನವರಿಗೆ ಹಾಲಿ ಅಂತ ಒಂದು ಬೇಲಿ ಗಿಡ ಇದೆ. ಕ್ರಿಸ್‌ಮಸ್ ಕಾರ್ಡಿನಲ್ಲಿ ಮುಳ್ಳೆಲೆ, ಕೆಂಪು ಹಣ್ಣು ಬರೆದಿರುತ್ತಾರಲ್ಲ, ಅದೇ. ಅದೂ ನಿತ್ಯಹಸಿರು, ಅದೂ ಮುಳ್ಳು, ನಿಧಾನ ಬೆಳೆದರೂ ಸವರಿದರೆ ಗೋಡೆಯ ಹಾಗೆ ತುಂಬಿಕೊಳ್ಳುತ್ತದೆ. ಹಾಲಿಯ ಕುಲದ ಮರಗಳು ನಮ್ಮ ಪಶ್ಚಿಮಘಟ್ಟದಲ್ಲೂ ಇವೆ, ಆದರೆ ಅವು ಕಾಡಿನ ಮರಗಳು, ಹೊಲದ ಬೇಲಿಗಲ್ಲ. ನರ್ಸರಿಗಳಲ್ಲಿ ‘ಸಿಂಗಾಪುರ ಹಾಲಿ’ ಅಂತ ಒಂದು ಕುಳ್ಳ ಗಿಡ ಕೊಡುತ್ತಾರೆ. ಅದು ಹಾಲಿಯೂ ಅಲ್ಲ, ಸಿಂಗಾಪುರದ್ದೂ ಅಲ್ಲ. ಮೂಲ ಕೆರಿಬಿಯನ್ ದ್ವೀಪಗಳು. ಮನೆ ಮುಂದಿನ ಕಾಲುದಾರಿ ಅಂಚಿಗೆ ಚೆನ್ನ, ದನ ತಡೆಯೋಕಲ್ಲ. ಹಾಲಿ ಅಲ್ಲಿ ಮಾಡುವ ಕೆಲಸವನ್ನು ನಮ್ಮಲ್ಲಿ ಮಾಡುವುದು ಕರಂಡೆಯೇ.

ಇದು ಎಷ್ಟು ಗಟ್ಟಿ ಬೇಲಿ ಅನ್ನುವುದಕ್ಕೆ ಒಂದು ಹಳೇ ಸಾಕ್ಷಿಯಿದೆ, ಅಷ್ಟೇನೂ ಸಂತೋಷದ್ದಲ್ಲ. ಬ್ರಿಟಿಷರು ಉಪ್ಪಿನ ಸುಂಕ ವಸೂಲಿಗೆ ಉತ್ತರ ಮತ್ತು ಮಧ್ಯ ಭಾರತದಲ್ಲಿ ನೂರಾರು ಮೈಲಿ ಉದ್ದದ ಮುಳ್ಳುಬೇಲಿ ಬೆಳೆಸಿದ್ದರು. ಮೊದಲು ಒಣಮುಳ್ಳು ಒಟ್ಟಿದರು. ಗೆದ್ದಲು, ಬೆಂಕಿ, ಗಾಳಿಗೆ ಅದು ಉಳಿಯಲಿಲ್ಲ. 1867ರಿಂದ 1870ರ ತನಕ ಸುಂಕದ ಕಮಿಷನರ್ ಆಗಿದ್ದ ಎ.ಒ. ಹ್ಯೂಮ್ ಜೀವಂತ ಬೇಲಿಗೆ ಒತ್ತು ಕೊಟ್ಟರು. ಮುಂದೆ 1885ರಲ್ಲಿ ಕಾಂಗ್ರೆಸ್ ಕಟ್ಟುವುದರಲ್ಲಿ ಮುಂದಾಳಾದ ಹ್ಯೂಮ್ ಇವರೇ. ಆ ಬೇಲಿಗೆ ಆರಿಸಿದ ಗಿಡಗಳಲ್ಲಿ ಜಾಲಿ, ಬೋರೆ, ಕಳ್ಳಿಯ ಜೊತೆ ಕರಂಡೆಯೂ ಇತ್ತು. 1879ರಲ್ಲಿ ಅದನ್ನು ಕೈಬಿಟ್ಟರು. ಉಪ್ಪು ಕದ್ದು ಸಾಗಿಸುವವರನ್ನು ತಡೆಯೋಕೆ ನೆಟ್ಟ ಗಿಡ ನಮ್ಮ ರಾಗಿ ಕಾಯಲಾರದೇ?

ಸಸಿ ಮತ್ತು ನೆಡುವುದು

ಬೀಜದಿಂದ ಸಸಿ ಮಾಡುವುದೇ ಅಗ್ಗ. ಹಣ್ಣು ಕಪ್ಪಗಾಗಿ ಮೆತ್ತಗಾದಾಗ ಕಿತ್ತು, ಹಿಸುಕಿ, ಬೂದಿ ಹಾಕಿ ತೊಳೆದರೆ ಅಂಟು ಹೋಗುತ್ತೆ. ನೆರಳಲ್ಲಿ ಆರಿಸಿ ಒಂದೆರಡು ದಿನದೊಳಗೆ ಬಿತ್ತಿಬಿಡಿ. ಕರಂಡೆ ಬೀಜಕ್ಕೆ ಆಯಸ್ಸು ಕಡಿಮೆ. ಡಬ್ಬಿಯಲ್ಲಿಟ್ಟು ಬರುವ ವರ್ಷಕ್ಕೆ ಅಂದರೆ ಹುಟ್ಟುವುದಿಲ್ಲ. ಆಗಸ್ಟ್ ಸೆಪ್ಟೆಂಬರಿನಲ್ಲಿ ಬಿತ್ತಿದ್ದು ಮುಂದಿನ ಜೂನ್ ಹೊತ್ತಿಗೆ ನೆಡುವ ಹದಕ್ಕೆ ಬರುತ್ತೆ. ಕಡ್ಡಿ ನೆಟ್ಟು ಬೇರು ಬರಿಸುವುದು ಇದರಲ್ಲಿ ಕಷ್ಟ. ದೊಡ್ಡ ಕಾಯಿ ಬೇಕೆನ್ನುವವರಿಗೆ ಪಂತ್ ಮನೋಹರ್, ಪಂತ್ ಸುದರ್ಶನ್, ದಾಪೋಲಿಯ ಕೊಂಕಣ್ ಬೋಲ್ಡ್ ಅಂತ ತಳಿಗಳಿವೆ. ಬರೀ ಬೇಲಿಗಾದರೆ ಬೀಜದ ಸಸಿ ಧಾರಾಳ ಸಾಕು.

ನೆಡುವ ಮುಂಚೆ ಸರ್ವೆ ಮಾಡಿಸಿ ಹದ್ದುಬಸ್ತು ನೋಡಿಕೊಳ್ಳಿ. ತಂತಿಬೇಲಿ ಕಿತ್ತು ಆಚೆ ಹಾಕಬಹುದು. ಹತ್ತು ವರ್ಷದ ಕರಂಡೆ ಸಾಲನ್ನು ಎರಡಡಿ ಈಚೆಗೆ ತನ್ನಿ ಅಂದರೆ ಯಾರೂ ತರಲಾರರು. ಗಡಿಯಿಂದ ಎರಡಡಿ ಒಳಗೇ ಸಾಲು ಹಿಡಿಯಿರಿ. ಆಚೆ ಕಡೆ ನಿಂತು ಸವರೋಕೂ ನಿಮ್ಮದೇ ನೆಲ ಇರಬೇಕು. ಇಲ್ಲದಿದ್ದರೆ ಪಕ್ಕದವರ ಮುಲಾಜು.

ಒಂದೂವರೆ ಅಡಿ ಅಗಲ, ಅಷ್ಟೇ ಆಳದ ಕಾಲುವೆ ತೆಗೆದು, ಮೇಲ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ, ಒಂದಿಷ್ಟು ಹೊಂಗೆ ಹಿಂಡಿ ಬೆರೆಸಿ ತುಂಬಿ. ರಸ್ತೆ ಕಡೆಗೆ ಎರಡು ಸಾಲು ಇರಲಿ. ಗಿಡದಿಂದ ಗಿಡಕ್ಕೆ ಎರಡೂವರೆ ಅಡಿ, ಸಾಲಿಂದ ಸಾಲಿಗೆ ಒಂದಡಿ. ಎದುರುಬದುರು ಅಲ್ಲ, ಒಂದರ ಸಂದಿಗೆ ಇನ್ನೊಂದು ಬರುವ ಹಾಗೆ. ಎಕರೆ ಸುತ್ತ ಹೀಗೆ ಎರಡು ಸಾಲು ಹಾಕಿದರೆ ಸುಮಾರು 670 ಸಸಿ ಹಿಡಿಯುತ್ತೆ. ಉಳಿದ ಬದಿಗೆ ಒಂದೇ ಸಾಲು ಎರಡಡಿಗೊಂದರಂತೆ ಸಾಕು. ಜೂನ್ ಜುಲೈನಲ್ಲಿ ನೆಟ್ಟರೆ ಅಕ್ಟೋಬರ್ ತನಕ ಮಳೆ ಸಿಗುತ್ತೆ. ನಮ್ಮಲ್ಲಿ ಸೆಪ್ಟೆಂಬರಿನದ್ದೇ ದೊಡ್ಡ ಮಳೆ. ಮೊದಲ ಬೇಸಿಗೆಯಲ್ಲಿ ಮಾತ್ರ ವಾರಕ್ಕೊಮ್ಮೆ ಕೊಡ ಹೊರಬೇಕು. ಎರಡು ವರ್ಷ ಹೊರಗಡೆಗೆ ಬಳ್ಳಾರಿ ಜಾಲಿಯ ಒಣಮುಳ್ಳು ಒಟ್ಟಿರಿ. ಕರಂಡೆ ತನ್ನನ್ನು ತಾನು ಕಾಯುವ ಹೊತ್ತಿಗೆ ಆ ಮುಳ್ಳು ಗೆದ್ದಲಿಗೆ ಹೋಗಿರುತ್ತೆ.

ಕತ್ತರಿ ಹಾಕುವ ಕ್ರಮ

ಇಲ್ಲಿಂದ ಮುಂದಿನದ್ದೇ ನಾನು ಮುಖ್ಯವಾಗಿ ಹೇಳಬೇಕೆಂದಿದ್ದು. ಕರಂಡೆ ನೆಟ್ಟವರು ನಮ್ಮ ಕಡೆ ಇದ್ದಾರೆ. ಅವರ ಬೇಲಿ ನೋಡಿ: ಎದೆಮಟ್ಟದಲ್ಲಿ ದಟ್ಟ, ಮೊಣಕಾಲಿನ ಕೆಳಗೆ ಬರೀ ಕಾಂಡ. ಮೇಕೆ ಆರಾಮಾಗಿ ನುಸುಳುತ್ತೆ, ನಾಯಿಗಂತೂ ಹೆಬ್ಬಾಗಿಲು. ಗಿಡದ ತಪ್ಪಲ್ಲ ಅದು. ‘ಬೇಲಿ ಎತ್ತರಕ್ಕೆ ಬರಲಿ, ಆಮೇಲೆ ಕತ್ತರಿಸೋಣ’ ಅಂತ ಮೂರು ವರ್ಷ ಕೈಕಟ್ಟಿ ಕೂತದ್ದರ ಫಲ.

ಗಿಡದ ತುದಿಮೊಗ್ಗು ಮನೆಯ ಯಜಮಾನನಿದ್ದ ಹಾಗೆ. ಅಲ್ಲಿ ಹುಟ್ಟುವ ಆಕ್ಸಿನ್ ಎಂಬ ರಸ ಕೆಳಗಿಳಿದು ಕೆಳಗಿನ ಮೊಗ್ಗುಗಳನ್ನು ಮಲಗಿಸಿಟ್ಟಿರುತ್ತದೆ. ತುದಿ ಚಿವುಟಿದರೆ ಅವು ಎಚ್ಚರಾಗುತ್ತವೆ. ಕರಂಡೆಯ ಎಲೆ ಜೋಡಿ ಜೋಡಿ, ಎದುರುಬದುರು. ಹಾಗಾಗಿ ಒಂದು ತುದಿ ಕತ್ತರಿಸಿದರೆ ಕಡಿಮೆಯೆಂದರೂ ಎರಡು ಚಿಗುರು. ಎರಡನ್ನು ಕತ್ತರಿಸಿದರೆ ನಾಲ್ಕು, ನಾಲ್ಕಕ್ಕೆ ಎಂಟು. ನಾಲ್ಕು ಸಲ ಕತ್ತರಿ ಬಿದ್ದ ಸಸಿಯಲ್ಲಿ ಲೆಕ್ಕಕ್ಕೆ ಹದಿನಾರು ಕೊಂಬೆ. ಅಷ್ಟೂ ಸರಿಯಾಗಿ ಬರುತ್ತೆ ಅಂತಲ್ಲ, ಹತ್ತು ಬಂದರೂ ಸಾಕು. ಆದರೆ ಈ ಕವಲು ಹೊಡೆಯುವುದು ನೀವು ಕತ್ತರಿಸಿದ ಜಾಗದ ಸ್ವಲ್ಪ ಕೆಳಗೆ ಮಾತ್ರ. ನಾಲ್ಕಡಿ ಎತ್ತರದಲ್ಲಿ ಕತ್ತರಿಸಿದರೆ ಮೂರೂವರೆ ಅಡಿಯಲ್ಲಿ ಪೊದೆ ಬರುತ್ತೆ. ಬುಡದಲ್ಲಿ ಪೊದೆ ಬೇಕೆಂದರೆ ಬುಡದಲ್ಲೇ ಕತ್ತರಿಸಬೇಕು.

ಹಾಗಾಗಿ ಸಸಿ ನೆಟ್ಟು ಒಂದೂವರೆ ತಿಂಗಳಿಗೆ, ಹೊಸ ಎಲೆ ಬಂದದ್ದು ಕಂಡ ಕೂಡಲೇ, ನೆಲದಿಂದ ಒಂದು ಗೇಣು ಬಿಟ್ಟು ತುದಿ ತೆಗೆಯಿರಿ. ಕರುಳು ಚುರುಕ್ ಅನ್ನುತ್ತೆ, ತೆಗೆಯಿರಿ. ಅಕ್ಟೋಬರ್ ಮೊದಲ ವಾರದ ಹೊತ್ತಿಗೆ ಅಕ್ಕಪಕ್ಕದ ಚಿಗುರು ಅರ್ಧ ಮುಕ್ಕಾಲು ಅಡಿ ಬಂದಿರುತ್ತೆ. ಅದರಲ್ಲಿ ಅರ್ಧ ಕತ್ತರಿಸಿ. ಆಮೇಲೆ ಬೇಸಿಗೆ ಮುಗಿಯುವ ತನಕ ಮುಟ್ಟಬೇಡಿ.

ಎರಡನೇ ವರ್ಷ ಜೂನಿನಲ್ಲಿ ಒಂದಡಿಗೆ, ಸೆಪ್ಟೆಂಬರಿನಲ್ಲಿ ಒಂದೂಮುಕ್ಕಾಲು ಅಡಿಗೆ. ಮೂರನೇ ವರ್ಷ ಎರಡೂಕಾಲಿಗೆ, ಮತ್ತೆ ಮೂರಕ್ಕೆ. ನಾಲ್ಕನೇ ವರ್ಷ ನಾಲ್ಕಡಿ. ವರ್ಷಕ್ಕೆ ಹೆಚ್ಚು ಕಡಿಮೆ ಒಂದಡಿ ಏರಿಸುವುದು ಅಂತ ನೆನಪಿಟ್ಟರೆ ಸಾಕು. ‘ಏನ್ ಸಾಮಿ, ಬೇಲೀನ ಮೊಣಕಾಲುದ್ದಕ್ಕೇ ಕತ್ತರಿಸ್ತೀರಲ್ಲ, ದನ ದಾಟಲ್ವಾ?’ ಅಂತ ದಾರೀಲಿ ಹೋಗುವವರು ಕೇಳುತ್ತಾರೆ. ದಾಟುತ್ತೆ. ಆ ಎರಡು ವರ್ಷಕ್ಕೇ ಒಣಮುಳ್ಳು ಒಟ್ಟಿ ಅಂದದ್ದು.

ಆಕಾರದ ಮಾತು. ಪಾರ್ಕುಗಳಲ್ಲಿ ಬೇಲಿಯನ್ನು ಗೋಡೆಯ ಹಾಗೆ ನೆಟ್ಟಗೆ ಕತ್ತರಿಸುತ್ತಾರೆ. ಕೆಲವು ಕಡೆ ಮೇಲುಭಾಗ ದಪ್ಪವಾಗಿ ಕೊಡೆಯ ಹಾಗೆ ಆಗಿರುತ್ತೆ. ಮೇಲಿನ ಎಲೆಯ ನೆರಳು ಬಿದ್ದ ಕೆಳಕೊಂಬೆ ಎಲೆ ಉದುರಿಸಿ ಒಣಗುತ್ತೆ. ಬಿಸಿಲು ಕಾಣದ ಕಡೆ ಯಾವ ಗಿಡ ತಾನೇ ಎಲೆ ಇಟ್ಟುಕೊಂಡೀತು? ನಮ್ಮ ಬೇಲಿ ಬುಡ ಅಗಲ, ತಲೆ ಕಿರಿದು ಇರಬೇಕು. ಬುಡದಲ್ಲಿ ಮೂರಡಿ, ನಾಲ್ಕೂವರೆ ಅಡಿ ಎತ್ತರದ ನೆತ್ತಿಯಲ್ಲಿ ಒಂದೂವರೆ ಎರಡಡಿ. ಹುಲ್ಲಿನ ಮೆದೆಯನ್ನು ನೆನೆಸಿಕೊಳ್ಳಿ. ಕಣ್ಣಳತೆಯಲ್ಲಿ ಹೋದರೆ ಹತ್ತು ಮಾರಿಗೇ ವಾರೆಯಾಗುತ್ತೆ. ಎರಡೂ ತುದಿಗೆ ಗೂಟ ಹೊಡೆದು, ಬುಡಕ್ಕೊಂದು ನೆತ್ತಿಗೊಂದು ದಾರ ಬಿಗಿದು ಕತ್ತರಿಸಿ.

ಕತ್ತರಿ ಹಿಡಿಯುವ ಕಾಲ ಜೂನ್ ಮತ್ತು ಸೆಪ್ಟೆಂಬರ್. ಮಾರ್ಚ್ ಏಪ್ರಿಲ್‌ನಲ್ಲಿ ಕತ್ತರಿಸಿದರೆ ಒಳಗಿನ ಎಳೆ ಕೊಂಬೆ ಬಿಸಿಲಿಗೆ ಸುಡುತ್ತೆ. ಡಿಸೆಂಬರಿನಲ್ಲಿ ಕತ್ತರಿಸಿದರೆ ಚಿಗುರುವ ಹಸಿ ಇರುವುದಿಲ್ಲ. ಸೆಪ್ಟೆಂಬರಿನ ಚಿಗುರು ಒಣಹವೆ ಬರುವುದರೊಳಗೆ ಬಲಿಯುತ್ತೆ. ಇಂಗ್ಲೆಂಡಿನವರು ಹಾಲಿ ಬೇಲಿಗೆ ಆಗಸ್ಟ್ ಸುಮಾರಿಗೆ ಕತ್ತರಿ ಹಾಕುವುದೂ ಇದೇ ಲೆಕ್ಕದ ಮೇಲೆ. ಅವರಿಗೆ ಹಿಮದ ಭಯ, ನಮಗೆ ಬಿಸಿಲಿನ ಭಯ. ಜೂನಿನಲ್ಲಿ ಕತ್ತರಿಸುವ ಮುಂಚೆ ಒಮ್ಮೆ ಪಿಕಳಾರದ ಗೂಡಿದೆಯೇ ನೋಡಿ. ಇದ್ದರೆ ಆ ಎರಡು ಮಾರು ಬಿಟ್ಟು ಮುಂದೆ ಹೋಗಿ, ಹದಿನೈದು ಇಪ್ಪತ್ತು ದಿನ ತಡೆದು ಬನ್ನಿ.

ಬೆರಳು ಗಾತ್ರದ ಕೊಂಬೆಗೆ ಸಿಕೇಚರ್, ಎಳೆ ಚಿಗುರಿಗೆ ಎರಡು ಕೈಯ ಬೇಲಿ ಕತ್ತರಿ. ಮಚ್ಚಿನಲ್ಲಿ ಬೀಸಿದರೆ ಬೇಗ ಆಗುತ್ತೆ ನಿಜ, ಆದರೆ ಕೊಂಬೆ ಸೀಳಿ ಒಣಗುತ್ತೆ. ಗಾಯದಿಂದ ಬಿಳಿ ಹಾಲು ಬಂದು ಕತ್ತರಿಗೆ ಅಂಟುತ್ತೆ. ಎಣ್ಣೆ ಬಟ್ಟೆ ಸೊಂಟಕ್ಕೆ ಸಿಕ್ಕಿಸಿಕೊಂಡು ಆಗಾಗ ಒರೆಸಿ. ಕತ್ತರಿಸಿದ ಮುಳ್ಳನ್ನು ಅದೇ ದಿನ ಬಾಚಿ. ಎಳೆ ಸಾಲಿನ ರಕ್ಷಣೆಗೆ ಅದೇ ಬರುತ್ತೆ. ಹೊಲದಲ್ಲಿ ಉಳಿದರೆ ಉಳುವವನ ಕಾಲಿಗೆ, ಇಲ್ಲ ಟಿಲ್ಲರಿನ ಟೈರಿಗೆ.

ಹಣ್ಣೂ ಬೇಕು, ಬೇಲಿಯೂ ಬೇಕು

ಕರಂಡೆ ಹೂ ಬಿಡುವುದು ಚಿಗುರಿನ ತುದಿಯಲ್ಲಿ. ನೀವು ಕತ್ತರಿಸುವುದೂ ತುದಿಯನ್ನೇ. ಹಾಗಾಗಿ ಬಿಗಿಯಾಗಿ ಸವರಿದ ಬೇಲಿಯಲ್ಲಿ ಕಾಯಿ ಕಡಿಮೆ ಅಂತ ಮೊದಲೇ ತಿಳಿದಿರಲಿ. ಮೊದಲ ಮೂರು ವರ್ಷ ಹಣ್ಣಿನ ಆಸೆ ಬೇಡ. ನಾಲ್ಕನೇ ವರ್ಷದಿಂದ ರಾಜಿ ಮಾಡಿಕೊಳ್ಳಬಹುದು. ಹೊರಮೈ ವರ್ಷಕ್ಕೆ ಎರಡು ಸಲ ಬಿಗಿಯಾಗಿ, ಒಳಮೈ ಕೊಯ್ಲು ಮುಗಿದ ಮೇಲೆ ಸೆಪ್ಟೆಂಬರಿನಲ್ಲಿ ಒಂದೇ ಸಲ. ಆ ಚಿಗುರು ಬಲಿತು ಬೇಸಿಗೆ ಮೊದಲಲ್ಲಿ ಹೂ ಬಿಟ್ಟು ಮಳೆಗಾಲದಲ್ಲಿ ಕಾಯಿ ಕೊಡುತ್ತೆ. ಎಳೆಕಾಯಿ ಉಪ್ಪಿನಕಾಯಿಗೆ, ಚಟ್ನಿಗೆ. ಗಾಂಧಿ ಬಜಾರಿನಂಥ ಕಡೆ ಇದನ್ನು ಗುರುತಿಸಿ ಕೊಳ್ಳುವವರು ಸಿಗುತ್ತಾರೆ. ಬೇಕರಿಯಲ್ಲಿ ಕೇಕಿನ ಮೇಲೆ ಕೂರಿಸುವ ಕೆಂಪು ‘ಚೆರ್ರಿ’ ಬಹಳ ಸಲ ಚೆರ್ರಿಯಲ್ಲ, ಬಣ್ಣ ಹಾಕಿ ಸಕ್ಕರೆ ಪಾಕದಲ್ಲಿ ಅದ್ದಿದ ಕರಂಡೆ. ನಮ್ಮ ಬೇಲಿಯ ಕಾಯಿಗೆ ಯಾವ ಹೆಸರಲ್ಲಿ ಮರ್ಯಾದೆ ಸಿಕ್ಕಿತು ನೋಡಿ. ಆದರೂ ಬೇಲಿಯ ಕಾಯಿ ಮಾರಿ ಶ್ರೀಮಂತರಾಗುತ್ತೇವೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮುಳ್ಳಿನ ನಡುವೆ ಕೀಳುವ ಕೂಲಿಯೇ ಜಾಸ್ತಿ. ಮನೆ ಖರ್ಚು ಕಳೆದು ಕತ್ತರಿಸುವ ಆಳಿನ ಕೂಲಿ ಹುಟ್ಟಿದರೆ ಸಾಕು.

ತೊಂದರೆಗಳೂ ಇವೆ

ಮೂರಡಿ ಅಗಲದ ಬೇಲಿ ಎಕರೆ ಸುತ್ತ ಬಂದರೆ ನುಂಗುವ ನೆಲ ಸುಮಾರು ಎರಡೂಕಾಲು ಗುಂಟೆ. ಚದರಡಿ ಲೆಕ್ಕದಲ್ಲಿ ಜಮೀನು ಕೇಳುವ ಈ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಹತ್ತಿಪ್ಪತ್ತು ಗುಂಟೆಯವರು ರಸ್ತೆ ಬದಿಗಷ್ಟೇ ಕರಂಡೆ ಹಾಕಿ, ಉಳಿದದ್ದಕ್ಕೆ ಬೇರೆ ಉಪಾಯ ನೋಡುವುದೇ ಸರಿ. ಬೇರು ಬೆಳೆಗೆ ಬರುತ್ತೆ. ಬೇಲಿಯ ಪಕ್ಕದ ರಾಗಿ ಸೊರಗುತ್ತೆ. ಒಳಗಡೆ ಎರಡಡಿ ಕಾಲುದಾರಿ ಬಿಟ್ಟು, ಅದರಂಚಿಗೆ ವರ್ಷಕ್ಕೊಮ್ಮೆ ಒಂದೂವರೆ ಅಡಿ ಆಳಕ್ಕೆ ಗುದ್ದಲಿಯಲ್ಲಿ ಕಡಿದರೆ ಬೇರು ಅಲ್ಲಿಗೆ ನಿಲ್ಲುತ್ತೆ. ಕತ್ತರಿಸುವವನಿಗೂ ಆ ದಾರಿ ಬೇಕೇ ಬೇಕು. ರಸ್ತೆ ಕಡೆಯ ಮುಳ್ಳಿಗೆ ಊರಿನ ಪ್ಲಾಸ್ಟಿಕ್ ಕವರೆಲ್ಲ ಬಂದು ಸಿಕ್ಕಿಕೊಳ್ಳುತ್ತೆ. ಅದನ್ನು ಕೋಲಿನಲ್ಲಿ ಬಿಡಿಸುವುದು ಈಗ ತಿಂಗಳ ಕೆಲಸಗಳಲ್ಲಿ ಒಂದು. ಆನೆಗೆ ಇದು ಬೇಲಿಯೇ ಅಲ್ಲ. ನವಿಲಿಗೆ ಯಾವ ಬೇಲಿಯೂ ಇಲ್ಲ.

ಹಳೇ ಬೇಲಿ ಬುಡ ಬರಿದಾಗಿದ್ದರೆ

ಕಿತ್ತು ಹಾಕಬೇಡಿ. ಕರಂಡೆ ಹಳೇ ಮರದಿಂದಲೂ ಚಿಗುರುವ ಜಾತಿ. ಒಂದು ವರ್ಷ ಜೂನಿನ ಮಳೆ ಬಿದ್ದ ಮೇಲೆ ಒಳಮೈಯ ಕೊಂಬೆಗಳನ್ನೆಲ್ಲ ಕಾಂಡದ ಹತ್ತಿರಕ್ಕೆ ಕತ್ತರಿಸಿ, ಎತ್ತರವನ್ನೂ ಅರ್ಧಕ್ಕೆ ಇಳಿಸಿ. ಹೊರಮೈ ಹಾಗೇ ಇರಲಿ, ಬೇಲಿಯ ಕೆಲಸ ನಿಲ್ಲಬಾರದಲ್ಲ. ಬುಡಕ್ಕೆ ಗೊಬ್ಬರ ಕೊಡಿ. ಒಳಗಡೆ ಬುಡದಿಂದ ಚಿಗುರೊಡೆದು ತುಂಬಿದ್ದು ಕಂಡ ಮೇಲೆ ಮುಂದಿನ ಜೂನಿನಲ್ಲಿ ಹೊರಮೈಗೆ ಅದೇ ಚಿಕಿತ್ಸೆ.

ನಡುವೆ ಗಿಡ ಸತ್ತು ಕಂಡಿ ಬಿದ್ದಿದ್ದರೆ ಅಲ್ಲಿ ಹೊಸ ಸಸಿ ನೆಟ್ಟು ಪ್ರಯೋಜನವಿಲ್ಲ. ಎರಡೂ ಕಡೆಯ ದೊಡ್ಡ ಗಿಡದ ನೆರಳು, ಬೇರಿನ ನಡುವೆ ಅದು ಮೇಲೇಳುವುದಿಲ್ಲ. ಬದಲಿಗೆ ಪಕ್ಕದ ಗಿಡದ ಬುಡದಿಂದ ಹೊರಟ ಉದ್ದನೆಯ ಎಳೆ ಕೊಂಬೆಯೊಂದನ್ನು ಆರಿಸಿ, ಮಳೆಗಾಲದ ಮೊದಲಲ್ಲಿ ಕಂಡಿಯ ಕಡೆಗೆ ಬಗ್ಗಿಸಿ. ಮಣ್ಣಿಗೆ ತಾಗುವಲ್ಲಿ ಸಿಪ್ಪೆಯನ್ನು ಒಂದಂಗುಲ ಕೆರೆದು, ಕವೆಗೂಟ ಹೊಡೆದು, ಮೇಲೆ ನಾಲ್ಕು ಬೊಗಸೆ ಗೊಬ್ಬರ ಮಣ್ಣು, ಒಂದು ಕಲ್ಲು. ತಾಯಿಗಿಡದ ಊಟ ಉಂಡುಕೊಂಡೇ ಅದು ಬೇರು ಬಿಡುತ್ತೆ. ಮುಂದಿನ ಮಳೆಗಾಲದ ತನಕ ತಾಯಿಯಿಂದ ಬೇರ್ಪಡಿಸಬೇಡಿ. ತುದಿ ಒಂದು ಗೇಣು ಮೇಲೆದ್ದ ಕೂಡಲೇ ಚಿವುಟುವುದನ್ನು ಮಾತ್ರ ಇಲ್ಲೂ ಮರೆಯುವ ಹಾಗಿಲ್ಲ.